ದಮ್ಮಿನ ಡಬ್ಬಿ

ಸಂಪಗಾಂವದ ಮಠದ ಗಂಗಯ್ಯನನ್ನು ಎದುರಿಗೆ ಎಲ್ಲರೂ ‘ಅಯ್ಯಾರ’ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ ‘ಗಾಡಿಗೆ ಸ್ವಾಮಾರ ಹಿಡಿಸಿದ ಅಯ್ಯ’ ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಬಿಡುವು. ಗಂಗಯ್ಯ ಎತ್ತು ಮಾರಿ ಪಿಕಪ್ ಗಾಡಿ ತಂದು ಎಷ್ಟೋ ವರ್ಷವಾಗಿತ್ತು. ಆದರೂ ಸೋಮವಾರ ಬಂತೆಂದರೆ ಗಾಡಿಯ ಚಾವಿ ವಿಭೂತಿ ಬಳಿದುಕೊಂಡು ದೇವರ ಮಾಡದಲ್ಲಿ ಕುಳಿತಿರುತ್ತಿತ್ತು. ಓಣಿಯಲ್ಲಿ ಯಾರಿಗಾದರೂ ದವಾಖಾನೆಗೆ ಹೋಗುವ ಕಷ್ಟ ಬಂದರೆ ಮಾತ್ರ ಬಸವಣ್ಣನ ಮುಂದೆ ಗಲ್ಲ ಗಲ್ಲ ಬಡಿದುಕೊಂಡು ಚಾಲೂ ಮಾಡುತ್ತಿದ್ದ. ಉಳಿದವರು ಏನೇ ಅಂದರೂ ಅವನ ಕಿವಿ ಕಿವುಡು.

ಆ ಗಾಡಿಯೂ ಅಂಥಿಂಥದಲ್ಲ. ಸವದತ್ತಿ, ರಾಮದುರ್ಗದ ಗುಡ್ಡಗಳ ಮೇಲೆ ಕರೆಂಟಿನ ಗಾಳಿ ಫಂಕ ನಿಲ್ಲಿಸುವ ಗುತ್ತಿಗೆದಾರನೊಬ್ಬ ಕಲ್ಲು ಮುಳ್ಳಿನಲ್ಲಿ ಓಡಾಡಲೆಂದು ಇಟ್ಟುಕೊಂಡಿದ್ದ ಫೋರ್ ವ್ಹೀಲ್ ಪಿಕಪ್. ಅವನ ಕೆಲಸ ಮುಗಿದ ಮೇಲೆ ಗಂಗಯ್ಯನ ಕೈಗೆ ಬಂತು. ಬೇರೆ ಗಾಡಿಗಳಲ್ಲಿ ಹಿಂದಿನ ಎರಡು ಗಾಲಿ ನೂಕುತ್ತವೆ, ಮುಂದಿನವು ಸುಮ್ಮನೆ ಜೊತೆಗೆ ಉರುಳುತ್ತವೆ. ಇದರಲ್ಲಿ ಗೇರಿನ ಪಕ್ಕದ ಗುಂಡಿ ತಿರುಗಿಸಿದರೆ ಮುಂದಿನ ಗಾಲಿಗಳೂ ಜಗ್ಗಲು ನಿಲ್ಲುತ್ತವೆ. ಗಂಗಯ್ಯನ ಹೊಲ ಅಚ್ಚ ಎರೆಮಣ್ಣು. ಮಳೆ ಕುಡಿದ ಎರೆ ಬಹಳ ದಿನಕ್ಕೆ ಸಿಕ್ಕ ಬೀಗರ ಹಾಗೆ, ಹಿಡಿದ ಕೈ ಬಿಡುವುದಿಲ್ಲ. ಅಂಥ ಹೊಲದಿಂದ ನಾಲ್ಕೂ ಗಾಲಿ ಜಗ್ಗಿ ಗಾಡಿ ಹೊರಬರುವಾಗ ಗಂಗಯ್ಯ ಸ್ಟೇರಿಂಗಿನ ಮೇಲೆ ಬಾಗಿ ‘ಹಾಂ... ಹಾಂ... ಬಾ ನನ್ನಪ್ಪ’ ಎನ್ನುತ್ತಿದ್ದ. ಎತ್ತಿಗೆ ಅನ್ನುತ್ತಿದ್ದ ಮಾತೇ ಅದು.

ಈ ಸಲ ಸೋಯಾ ಒಕ್ಕಣೆಯ ಹೊತ್ತಿಗೇ ಹಿಂಗಾರಿ ಮಳೆ ಹಿಡಿಯಿತು. ಶುಕ್ರವಾರ ಒಂದಿಷ್ಟು ಬಿಸಿಲು ಬಿದ್ದದ್ದೇ ತಡ, ಗಂಗಯ್ಯ ಮತ್ತು ಅವನ ಮಗ ಅಪ್ಪು ಹೊಲದ ಶೆಡ್ಡಿನಿಂದ ಚೀಲ ಹೇರಿಕೊಂಡು ಹೊರಟರು. ಬದುವಿನ ಹತ್ತಿರ ಬರುವುದರೊಳಗೆ ಹಿಂದಿನ ಗಾಲಿ ಕುಸಿದವು. ಗಂಗಯ್ಯ ಗುಂಡಿ ತಿರುಗಿಸಿದ. ಮುಂದಿನ ಬೋರ್ಡಿನಲ್ಲಿ ಹಸಿರು ದೀಪ ಹೊತ್ತಿ ನಿಲ್ಲಬೇಕಿತ್ತು. ಅದು ಮಿಣಿಮಿಣಿ ಅನ್ನುತ್ತಲೇ ಉಳಿಯಿತು. ಹಿಂದಿನ ಗಾಲಿಗಳು ಕೆಸರು ಎರಚಿ ಎರಚಿ ಆಕ್ಸಲ್ ತನಕ ಇಳಿದವು. ಮುಂದಿನವು ಕದಲಲಿಲ್ಲ.

ಪಕ್ಕದ ಹೊಲದ ಮಾಂತೇಶ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದ. ಎಳೆದವನು ಸುಮ್ಮನೆ ಹೋಗಬಾರದೇ?

“ಅಯ್ಯಾರ, ಇವತ್ತ ಶುಕ್ರವಾರ ಐತ್ರಿ. ನಿಮ್ಮ ಗಾಡಿ ಸ್ವಾಮಾರ ಅಂತ ತಿಳ್ಕೊಂಡೈತೇನ್ರಿ?” ಎಂದು ನಾಲ್ಕು ಮಂದಿಯ ಮುಂದೆ ಕೇಳಿದ.

ಗಂಗಯ್ಯನಿಗಿಂತ ಹೆಚ್ಚು ಅಪ್ಪುವಿಗೆ ಮುಖ ಕೆಟ್ಟಿತು. ಅಪ್ಪು ಒಳ್ಳೆಯ ಹುಡುಗ, ಮೂವತ್ತರ ಹತ್ತಿರದವ, ಹೊಲವೆಂದರೆ ಜೀವ. ಆದರೆ ಅವನಿಗೆ ಕೆಲಸ ಕೆಲಸದ ಹಾಗೆ ಆಗಬೇಕು. ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಮಾತು ತೆಗೆದ.

“ಅಪ್ಪಾ, ಸವದತ್ತಿಯಾಗ ಒಬ್ಬಾಂವ ಹಳೇ ಗಾಡಿ ತಗೊಂಡು ಹೊಸಾದು ಕೊಡತಾನ. ಸ್ವಾಮಾರ ನೋಡಾಕ ಬಾ ಅಂತ ಹೇಳೇನಿ.”

“ಸ್ವಾಮಾರ ನಮ್ಮ ಗಾಡಿ ಬಾಗಿಲಾ ದಾಟೂದಿಲ್ಲ.”

“ದಾಟೂದು ಬ್ಯಾಡಪಾ, ಬರೇ ನೋಡಾಕ.”

“ಬಿಡುವಿನ ದಿನ ಮೈಮ್ಯಾಲೆ ಕೈ ಹಾಕಿ ನೋಡೂದಂದ್ರ ಏನು? ಅದೂ ಬ್ಯಾಡ.”

ಅಪ್ಪು ತಾಯಿಯ ಮುಖ ನೋಡಿದ. ಸುಂದರವ್ವ ಪಲ್ಯ ಬಡಿಸುವ ನೆಪದಲ್ಲಿ ತಲೆ ಬಗ್ಗಿಸಿದಳು. ಕೊನೆಗೆ ಅಪ್ಪುವೇ ಒಂದು ಮೆಟ್ಟಿಲು ಇಳಿದ. ಐತವಾರದೊಳಗೆ ಗಾಡಿ ಸರಿಯಾಗಿ, ಅದೇ ಹೊಲದ ಅದೇ ಜಾಗದಿಂದ, ಅಷ್ಟೇ ಚೀಲ ಹೊತ್ತು ತಾನಾಗಿ ಹೊರಗೆ ಬಂದರೆ ಅವನು ಮತ್ತೆ ಮಾರುವ ಮಾತು ಆಡುವುದಿಲ್ಲ. ಬರದಿದ್ದರೆ ಮಂಗಳವಾರ ಸವದತ್ತಿಯವನು ಬಂದು ಒಯ್ಯುತ್ತಾನೆ. ಗಂಗಯ್ಯ ಹೂಂ ಅಂದ. ಅನ್ನದೆ ಮಾಡುವುದೇನು?

ಅವನು ಕೈ ತೊಳೆಯಲು ಎದ್ದ ಮೇಲೆ ಸುಂದರವ್ವ ಮಗನಿಗೆ ಮೆಲ್ಲಗೆ ಹೇಳಿದಳು: “ನಿಮ್ಮಪ್ಪಗ ಗಾಡಿ ಚಿಂತಿ ಅಲ್ಲೋ. ಬುಡನಸಾಬಣ್ಣನ ಚಿಂತಿ.”

ಹೆಂಡತಿಗೆ ಗೊತ್ತಿಲ್ಲದ ಗಂಡ ಎಲ್ಲಿದ್ದಾನೆ? ಬುಡನಸಾಬ ಗಂಗಯ್ಯನ ಓಣಿಯಲ್ಲೇ ಹುಟ್ಟಿ, ಅವನ ಜೊತೆಗೇ ಸಾಲಿಗೆ ಹೋಗಿ, ಜೊತೆಗೇ ಸಾಲಿ ಬಿಟ್ಟವನು. ಇಬ್ಬರ ಅಪ್ಪಂದಿರ ಚಕ್ಕಡಿಗಳೂ ಹತ್ತಿ ಹೇರಿಕೊಂಡು ಒಂದರ ಹಿಂದೆ ಒಂದು ಬೈಲಹೊಂಗಲಕ್ಕೆ ಹೋಗುತ್ತಿದ್ದವು. ಮುಂದೆ ಬುಡನಸಾಬ ಬೈಲಹೊಂಗಲದಲ್ಲಿ ಗ್ಯಾರೇಜು ಹಾಕಿ ಅಲ್ಲೇ ಮನೆ ಕಟ್ಟಿದ. ಅವನ ಅಪ್ಪ ಅವ್ವ ತೀರಿದ ಮೇಲೆ ಸಂಪಗಾಂವದ ಮನೆಯೂ ಹೋಯಿತು, ಊರಿಗೆ ಬರುವ ದಾರಿಯೂ ಹುಲ್ಲು ಹಿಡಿಯಿತು. ಆಗಿನಿಂದ ಗೆಳೆಯರಿಬ್ಬರ ಭೇಟಿ ಗಾಡಿ ಕೆಟ್ಟಾಗ ಮಾತ್ರ.

ಬಸ್ಸು ಹತ್ತಿ ಹೋದರೆ ಅರ್ಧ ತಾಸಿನ ಹಾದಿ. ಸುಮ್ಮನೆ ಹೋಗಿ ಮಾತಾಡಿ ಬರಬಾರದೇ ಎಂದು ಹೆಂಗಸರು ಕೇಳುತ್ತಾರೆ. ಅವರಿಗೇನು, ಕುಬಸದ ಗುಂಡಿ ಹಚ್ಚುವ ದಾರ ಕೇಳಲು ಹೋಗಿ ಮೂರು ತಾಸು ಕುಳಿತು ಬರಬಲ್ಲರು. ಅರವತ್ತು ದಾಟಿದ ಗಂಡಸು ‘ನಿನ್ನ ನೋಡಬೇಕು ಅನ್ನಿಸಿತು’ ಎಂದು ಇನ್ನೊಬ್ಬ ಗಂಡಸಿನ ಬಾಗಿಲಿಗೆ ಹೋಗುವುದುಂಟೇ? ನಾಲಿಗೆ ಹೊರಳಬೇಕಲ್ಲ! ಗಾಡಿ ಕೆಟ್ಟಿದೆ ಎನ್ನುವುದು ಸುಲಭ. ಹೊಸ ಗಾಡಿ ಬಂದರೆ ಅದು ಕಂಪನಿಯ ಶೋರೂಮಿಗೆ ಹೋಗುತ್ತದೆ. ಅಲ್ಲಿ ಗಾಜಿನ ಕೋಣೆಯಲ್ಲಿ ಕೂಡ್ರಿಸುತ್ತಾರೆ, ಗಾಡಿ ಬಿಚ್ಚುವವನ ಮುಖವನ್ನೂ ತೋರಿಸುವುದಿಲ್ಲ. ಗಾಡಿ ಹೋದರೆ ಬುಡನಸಾಬನೂ ಹೋದಂತೆಯೇ. ಗಂಗಯ್ಯನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಗಾಡಿ ತಂದು ನಿಲ್ಲಿಸಿದಾಗ ಗ್ಯಾರೇಜಿನ ಹಿಂದಿನ ಮನೆಯಿಂದ ಬುಡನಸಾಬನ ಹೆಂಡತಿ ಅನ್ವರಬಿ ಇಣುಕಿ ನೋಡಿದಳು.

“ಬರ್ರಿ ಅಯ್ಯಾರ. ಖರೇನ ಕೆಟ್ಟೈತೋ, ಚಾ ಕುಡ್ಯಾಕ ಬಂದೀರೋ? ಹೋದ ಸಲ ಹಾರ್ನಿನ ದನಿ ಬಿದ್ದೈತಿ ಅಂತ ಬಂದಿದ್ರಿ.”

“ಈ ಸಲ ಖರೇನ ಕೆಟ್ಟೈತಿ ತಂಗೆವ್ವಾ,” ಎಂದ ಗಂಗಯ್ಯ. ಅವನ ದನಿಯೇ ಬಿದ್ದಿತ್ತು.

ಬುಡನಸಾಬ ನಗಲಿಲ್ಲ. ಎಲ್ಲ ಕೇಳಿಸಿಕೊಂಡ, ಐತವಾರದ ಪಂದ್ಯವನ್ನೂ ಕೇಳಿದ. ಆಮೇಲೆ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಅಂಗಾತ ಸರಿದ. ಅವನ ಹೊಟ್ಟೆ ಮೊದಲಿನ ಹಾಗೆ ಕೇಳುತ್ತಿರಲಿಲ್ಲ, ಎರಡು ಸಲ ಉಸಿರು ಬಿಟ್ಟು ಸರಿಯಬೇಕಾಯಿತು.

“ಗುಂಡಿ ತಿರುವು.”

ಗಂಗಯ್ಯ ತಿರುಗಿಸಿದ. ಗೇರ್ ಬಾಕ್ಸಿನ ಹತ್ತಿರ ಗುರ್ ಅಂದು ಟಕ್ ಎಂದಿತು.

“ಗುಂಡಿ ಚೊಲೋ ಐತಿ, ಇಲ್ಲೀ ಮೋಟಾರೂ ಚೊಲೋ ಐತಿ. ಇನ್ನ ಮುಂದಿಂದು ನೋಡೂಣು.”

ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ಜ್ಯಾಕು ಕೊಟ್ಟು ನಾಲ್ಕೂ ಗಾಲಿ ಎತ್ತಿದರು. ಗಾಡಿ ಚಾಲೂ ಮಾಡಿ ಗೇರು ಹಾಕಿದಾಗ ಮುಂದಕ್ಕೆ ಹೋಗುವ ಉದ್ದನೆಯ ರಾಡು ತಿರುಗಿತು. ಮುಂದಿನ ಗಾಲಿ ಎರಡೂ ತಣ್ಣಗೆ ನಿಂತಿದ್ದವು.

“ನೋಡು, ಜೋರು ಹೊಸ್ತಿಲತನಾ ಬರಾಕತ್ತೈತಿ, ಒಳಗ ಬರವಲ್ದು,” ಎಂದು ಬುಡನಸಾಬ ಮುಂದಿನ ಆಕ್ಸಲಿನ ಮೇಲೆ ಕುಳಿತಿದ್ದ, ಅಂಗೈ ಅಗಲದ ಒಂದು ತಗಡಿನ ಡಬ್ಬಿಯನ್ನು ಬೆರಳಿನಿಂದ ಬಡಿದ. “ಇದಕ್ಕ ಆ್ಯಕ್ಚುಯೇಟರ್ ಅಂತಾರ. ನಾ ದಮ್ಮಿನ ಡಬ್ಬಿ ಅಂತೇನಿ. ಇಂಜಿನ್ನಿನ ಪಂಪ ಗಾಳಿ ಎಳಕೊಂತೈತಲ್ಲಾ, ಆ ದಮ್ಮು ಈ ಪೈಪಿನಾಗ ಬಂದು ಡಬ್ಬಿ ಒಳಗಿನ ರಬ್ಬರ್ ಜಗ್ಗತೈತಿ. ರಬ್ಬರ್ ಈ ಕಡ್ಡಿ ಜಗ್ಗತೈತಿ. ಕಡ್ಡಿ ಒಳಗ ಕೊಂಡಿ ಹಾಕತೈತಿ. ಕೊಂಡಿ ಬಿತ್ತಂದ್ರ ಮುಂದಿನ ಗಾಲಿಗೆ ಜೀವ.”

ಪೈಪು ಕಿತ್ತು ಅದರ ಬಾಯಿಗೆ ಹೆಬ್ಬೆರಳು ಇಟ್ಟ. ಬೆರಳು ಪುಚಕ್ಕನೆ ಅಂಟಿಕೊಂಡಿತು. ದಮ್ಮು ಸರಿಯಾಗಿ ಎಳೆಯುತ್ತಿತ್ತು. ಅಂದರೆ ರೋಗ ಡಬ್ಬಿಯಲ್ಲೇ. ಅದನ್ನು ಬಿಚ್ಚಿಕೊಂಡು ಹೊರಗೆ ಬಂದು, ಕಟ್ಟೆಯ ಮೇಲೆ ಕುಳಿತು, ಡಬ್ಬಿಯ ಸಣ್ಣ ಮೂತಿಯನ್ನು ಬಾಯಿಗೆ ಹಚ್ಚಿದ. ಹೀರಿದರೆ ಒಳಗಿನ ರಬ್ಬರು ಹರಿದಿದೆಯೋ ಇಲ್ಲವೋ ನಾಲಿಗೆಗೇ ತಿಳಿಯುತ್ತದೆ. ಇದು ಅವನು ಕಲಿತ ರೀತಿ, ಅವನ ಉಸ್ತಾದನೂ ಹೀಗೇ ಮಾಡುತ್ತಿದ್ದ. ಗಲ್ಲ ಒಳಗೆ ಹೋಗುವಂತೆ ಜೋರಾಗಿ ಎಳೆದ.

“ಥೂ! ಥೂ!”

ಬಾಯಿ ತುಂಬ ತುಕ್ಕು ನೀರು. ಅನ್ವರಬಿ ಚಹಾದ ಕಪ್ಪು ಇಟ್ಟು ನೀರಿನ ತಂಬಿಗೆ ತಂದಳು. ಬುಡನಸಾಬ ಅದನ್ನು ಮುಟ್ಟದೆ ನಾಲಿಗೆಯನ್ನು ಹಲ್ಲಿಗೆ ಉಜ್ಜಿ ಏನನ್ನೋ ಕರಕರ ಅನ್ನಿಸಿ ನೋಡಿದ.

“ಗಂಗ್ಯಾ, ಗಾಡಿ ಎಲ್ಲಿ ತೊಳೀತಿ?”

“ಮನೀ ಮುಂದ. ಬಕೀಟ್ಲೆ.”

“ಸುಳ್ಳ ಹೇಳಬ್ಯಾಡ. ಇದು ಹೊಳಿ ಉಸುಕು. ಹುಟ್ಟಿದಾಗಿಂದ ಈ ಉಸುಕ ನುಂಗೇನಿ ನಾನು. ನಂಗ ಹೇಳತಿ?”

ಗಂಗಯ್ಯ ಕಪ್ಪಿನೊಳಗೆ ಮುಖ ಇಟ್ಟ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಹೊಲದ ಕೆಲಸ ಮುಗಿದ ದಿನ ಅವನು ಗಾಡಿಯನ್ನು ಸೀದಾ ಮಲಪ್ರಭೆಯ ದಂಡೆಗೆ ಇಳಿಸುತ್ತಿದ್ದ. ನಂಬರ್ ಪ್ಲೇಟಿಗೆ ನೀರು ಮುಟ್ಟುವ ತನಕ ಒಳಗೆ ಹೋಗಿ, ಪಂಜೆ ಎತ್ತಿ ಕಟ್ಟಿ, ಹುಲ್ಲಿನ ಸಿಂಬಿ ಮಾಡಿ ಮೈ ತಿಕ್ಕುತ್ತಿದ್ದ. ಅಪ್ಪ ಎತ್ತುಗಳನ್ನು ತಿಕ್ಕುತ್ತಿದ್ದ ಹಾಗೆ. ಅಪ್ಪುವಿಗೂ ಸುಂದರವ್ವನಿಗೂ ಇದು ಗೊತ್ತಿತ್ತು, ಮುದುಕನ ಹುಚ್ಚು ಎಂದು ಬಿಟ್ಟಿದ್ದರು.

“ಹೊಲದಿಂದ ಸೀದಾ? ಬಿಸಿ ಬಿಸೀನ?”

“ಸೀದಾ.”

ಬುಡನಸಾಬ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. “ಎರೀ ಹೊಲದಾಗ ಚೀಲ ಹೊತ್ತು ಜಗ್ಗಿ ಬಂದಿದ್ದು, ಕಬ್ಬಿಣೆಲ್ಲಾ ಕುದ್ದಿರತೈತಿ. ಅದನ್ನ ಥಣ್ಣನ ನೀರಾಗ ಇಳಿಸಿದಿ ಅಂದ್ರ ಒಳಗಿನ ಗಾಳಿ ಮುದುಡಿಕೊಂಡು ನೀರು ಎಳಕೊಂತೈತಿ. ಕಡ್ಡಿ ಹೊರಗ ಬರೂ ಬಾಯಿಗೆ ಹಾಕಿದ ರಬ್ಬರ್ ಟೊಪ್ಪಿಗಿ ಸೀಳೇತಿ, ನೀರು ಅದರಾಗ ಹಾದು ಒಳಗ ಹೋಗೇತಿ, ಹೊರಗ ಬರಾಕ ದಾರಿ ಇಲ್ಲ. ಕಡ್ಡಿ ತುಕ್ಕ ಹಿಡದು ಕಲ್ಲಾಗೇತಿ. ಕೆಡಿಸಿದಾಂವ ನೀನs ನೋಡು.”

ಬೇರೆ ಯಾರಾದರೂ ಅಂದಿದ್ದರೆ ಗಂಗಯ್ಯ ಜಗಳಕ್ಕೆ ನಿಲ್ಲುತ್ತಿದ್ದ. ಇವನ ಮುಂದೆ ತಲೆ ತಗ್ಗಿಸಿದ. ಪ್ರೀತಿ ಮಾಡಿದ್ದೇ ಪೆಟ್ಟಾಗಿತ್ತು. ಬಿಸಿ ಚಹಾ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ.

“ಹೊಸಾದು ಸಿಗತೈತೇನೋ?”

“ಈ ಮಾಲು ಬರೂದು ಬಂದಾಗೈತಿ. ಬೆಳಗಾವಿ, ಹುಬ್ಬಳ್ಳಿ ಎಲ್ಲೂ ಸಿಗೂದಿಲ್ಲ. ಇದನ್ನs ಎಬ್ಬಸ್ಬೇಕು. ಆದ್ರ ಒಂದ ಮಾತು: ಇನ್ನ ಹೊಳಿ ಬಂದ್. ಒಪ್ಪಿದ್ರ ಕೈ ಹಚ್ಚತೇನಿ.”

ಗಂಗಯ್ಯ ತಲೆ ಅಲ್ಲಾಡಿಸಿದ. ಒಪ್ಪಿದ್ದೂ ಹೌದು, ಒಳಗೆ ಏನೋ ಕಿತ್ತುಹೋದದ್ದೂ ಹೌದು.

ಬುಡನಸಾಬ ಡಬ್ಬಿಯ ಮಡಚಿದ ಅಂಚನ್ನು ಸಣ್ಣ ಉಳಿಯಿಂದ ಸುತ್ತಲೂ ಎಬ್ಬಿಸಿ ಮುಚ್ಚಳ ತೆಗೆದ. ಒಳಗೆ ಕೆಂಪು ಕೆಸರು. ಅದನ್ನು ಬಳಿದು, ಕಡ್ಡಿಯನ್ನು ಡೀಸೆಲ್ಲಿನಲ್ಲಿ ನೆನೆಹಾಕಿ, ತುಕ್ಕು ಸಡಿಲಾದ ಮೇಲೆ ಪಾಲಿಶ್ ಪೇಪರಿನಿಂದ ಹೊಳೆಯುವ ತನಕ ತಿಕ್ಕಿದ. ಒಳಗಿನ ರಬ್ಬರು ಪುಣ್ಯಕ್ಕೆ ಹರಿದಿರಲಿಲ್ಲ, ಬಿರುಸಾಗಿ ಅಂಚಿನಲ್ಲಿ ಸಡಿಲಾಗಿತ್ತು ಅಷ್ಟೇ. ಸೀಳಿದ ಟೊಪ್ಪಿಗೆಯ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಏರಿಸಿ ಎರಡೂ ಕಡೆ ತಾಮ್ರದ ತಂತಿ ಬಿಗಿದ. ಆಕ್ಸಲಿನ ಒಳಗಿನ ಕೊಂಡಿಯನ್ನೂ ಬಿಡಿಸಿ ತೊಳೆದು ಹೊಸ ಎಣ್ಣೆ ಹಾಕಿದ. ಬಿಚ್ಚಿದ ಬೋಲ್ಟುಗಳನ್ನು, ಬುಡನಸಾಬ ಬೇಡವೆಂದರೂ ಕೇಳದೆ, ಗಂಗಯ್ಯ ಅರಿವೆಯಿಂದ ಒರೆಸಿ ಒರೆಸಿ ಇಟ್ಟ. ಕೈಗೆ ಕೆಲಸವಿದ್ದರೆ ಮನಸ್ಸು ಸುಮ್ಮನಿರುತ್ತದೆ.

“ಔಡಲೆಣ್ಣಿ ಐತೇನು?” ಎಂದು ಬುಡನಸಾಬ ಮನೆಯ ಕಡೆ ಕೂಗಿದ. “ಬಿರುಸಾದ ರಬ್ಬರಿಗೆ ಅದs ಮದ್ದು.”

ಅನ್ವರಬಿ ತಂದ ಹರಳೆಣ್ಣೆಯ ಬಾಟಲಿಯ ಬಿರಡೆ ತೆಗೆದ ಕೂಡಲೇ ಇಬ್ಬರೂ ಒಮ್ಮೆಲೇ ತಲೆ ಎತ್ತಿದರು. ಚಕ್ಕಡಿಯ ವಾಸನೆ! ಗಾಲಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯ ವಾಸನೆ. ಹತ್ತಿಯ ಅಂಡಿಗೆಗಳ ಮೇಲೆ ಅಂಗಾತ ಮಲಗಿ, ಬೆಳಗಿನ ಚಳಿಗೆ ಒಂದೇ ಕಂಬಳಿಯೊಳಗೆ ಮುದುಡಿಕೊಂಡು ಬೈಲಹೊಂಗಲಕ್ಕೆ ಬರುತ್ತಿದ್ದ ಎರಡು ಹುಡುಗರ ವಾಸನೆ ಅದು. ಹಿಂದಿನ ಚಕ್ಕಡಿಯಲ್ಲಿ ಬುಡನಸಾಬನ ಅಪ್ಪ ಮೊಹರಮ್ಮಿನ ಪದ ಹೇಳುತ್ತಿದ್ದ, ಮುಂದಿನದರಲ್ಲಿ ಗಂಗಯ್ಯನ ಅಪ್ಪ ‘ಹೂಂ, ಮುಂದ ಹೇಳಪಾ’ ಎನ್ನುತ್ತಿದ್ದ. ಎತ್ತುಗಳಿಗೆ ಹಾದಿ ಗೊತ್ತಿತ್ತು. ಯಾರಿಗೂ ಅವಸರವಿರಲಿಲ್ಲ.

“ನಿಮ್ಮಪ್ಪನ ಬಲಗಡೆ ಗಾಲಿ ಕಿರ್ ಅಂತಿತ್ತು,” ಎಂದ ಬುಡನಸಾಬ.

“ನಿಮ್ಮಪ್ಪ ಪದಾ ಹಾಡಿದಾಗ ಅದೂ ಶ್ರುತಿ ಹಿಡೀತಿತ್ತು,” ಎಂದ ಗಂಗಯ್ಯ.

ರಬ್ಬರಿಗೆ ಎಣ್ಣೆ ಹಚ್ಚಿ, ಮುಚ್ಚಳ ಕೂಡ್ರಿಸಿ, ಅಂಚನ್ನು ಮತ್ತೆ ಬಡಿದು ಮಡಚಿ, ಬುಡನಸಾಬ ಮೂತಿಯನ್ನು ಇನ್ನೊಮ್ಮೆ ಬಾಯಿಗೆ ಹಚ್ಚಿ ಎಳೆದ. ಕಡ್ಡಿ ಸರ್ರನೆ ಒಳಗೆ ಹೋಯಿತು. ನಾಲಿಗೆಯ ತುದಿಯನ್ನು ತೂತಿಗೆ ಒತ್ತಿ ಎರಡೂ ಕೈ ಬಿಟ್ಟ. ಡಬ್ಬಿ ನಾಲಿಗೆಗೇ ಜೋತು ನಿಂತಿತು. ದಮ್ಮು ಹಿಡಿದಿತ್ತು! ಅವನು ಮಾತಾಡಲಾಗದೆ ಹುಬ್ಬು ಹಾರಿಸಿ ಹಾರಿಸಿ ಗೆಳೆಯನಿಗೆ ತೋರಿಸಿದ.

“ಇನ್ನ ಒಂದ ತಾಸ ಹಂಗs ಇರ್ರಿ,” ಎಂದಳು ಅನ್ವರಬಿ. “ಮನ್ಯಾಗ ಶಾಂತಿ ಇರತೈತಿ.”

ಐತವಾರ ಮಧ್ಯಾಹ್ನ ಬುಡನಸಾಬ ಮೋಟಾರ್ ಸೈಕಲ್ ಹತ್ತಿ ತಾನೇ ಸಂಪಗಾಂವಕ್ಕೆ ಬಂದ. ತಾನು ಮಾಡಿದ ಕೆಲಸ ತನ್ನ ಕಣ್ಣ ಮುಂದೆಯೇ ಪಾಸಾಗಬೇಕು ಎನ್ನುವವನು ಅವನು. ಊರಬಾಗಿಲ ಅಗಸಿಯಲ್ಲಿ ಅದನ್ನು ನಿಲ್ಲಿಸಿ ಓಣಿಗೆ ನಡೆದು ಬಂದು, ಒಂದು ಕಾಲದಲ್ಲಿ ತನ್ನದಾಗಿದ್ದ ಮನೆಯ ಕಡೆ ನೋಡಿದ. ಅಲ್ಲೀಗ ಯಾರದೋ ಎರಡಂತಸ್ತಿನ ಮನೆಯಿತ್ತು, ಬಾಗಿಲಿಗೆ ನೀಲಿ ಬಣ್ಣ. ಆಮೇಲೆ ಗಂಗಯ್ಯನ ಮನೆಯ ಕಟ್ಟೆಗೆ ಬಂದು ಕೂತು ನೀರು ಬೇಡಿದ.

ಹೊಲದಲ್ಲಿ ಕೆಸರು ಹಾಗೆಯೇ ಇತ್ತು. ಅಪ್ಪು ನ್ಯಾಯಸ್ಥ. ಒಂದು ಚೀಲವನ್ನೂ ಹೆಚ್ಚು ಹೇರಲಿಲ್ಲ, ಕಡಿಮೆಯನ್ನೂ ಹೇರಲಿಲ್ಲ. ಮಾಂತೇಶ ಕರೆಯದಿದ್ದರೂ ಬದುವಿನ ಮೇಲೆ ಬಂದು ನಿಂತಿದ್ದ, ಟ್ರ್ಯಾಕ್ಟರು ಸಮೇತ. ಗಂಗಯ್ಯ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಬುಡನಸಾಬ. ಶುಕ್ರವಾರ ಕುಸಿದ ಜಾಗಕ್ಕೇ ಗಾಡಿ ಇಳಿಸಿ ನಿಲ್ಲಿಸಿದರು. ಗಾಲಿಗಳು ಮೆಲ್ಲಗೆ ಒಳಗೆ ಹೋದವು. ಗಂಗಯ್ಯ ಗುಂಡಿ ತಿರುಗಿಸಿದ.

ದೀಪ ಮಿಣಿ, ಮಿಣಿ, ಮಿಣಿ.

ಅವನು ಬುಡನಸಾಬನ ಕಡೆ ತಿರುಗಿದ. ಬದುವಿನ ಮೇಲೆ ಮಾಂತೇಶ ನಗುತ್ತಾ ಹಗ್ಗ ಬಿಚ್ಚತೊಡಗಿದ. ಅಪ್ಪು ಮಾತ್ರ ನಗಲಿಲ್ಲ, ಅಪ್ಪನ ಮುಖ ನೋಡಲಾಗದೆ ಆ ಕಡೆ ತಿರುಗಿ ನಿಂತ.

“ಒಳಗ ಕೊಂಡಿ ಹಲ್ಲಿಗೆ ಹಲ್ಲು ಎದುರಾಗೇತಿ, ಅಷ್ಟs,” ಎಂದ ಬುಡನಸಾಬ. “ಅಂಜಬ್ಯಾಡ. ಒಂದ ಗೇಣು ಹಿಂದ ತಗೋ.”

ಗಂಗಯ್ಯ ರಿವರ್ಸ್ ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟ. ಗಾಡಿ ಹಿಂದಕ್ಕೆ ಒಂದು ಗೇಣು ಜರುಗಿತು. ಕಾಲಡಿಯಲ್ಲಿ ಎಲ್ಲೋ ಟಕ್ ಎಂದಿತು. ಹಸಿರು ದೀಪ ನಿಂತುಬಿಟ್ಟಿತು. ಮೊದಲ ಗೇರಿಗೆ ಹಾಕಿದ್ದೇ ಮುಂದಿನ ಗಾಲಿಗಳು ಎರೆಯನ್ನು ಕಚ್ಚಿ ಜಗ್ಗಿದವು. ಗಾಡಿ ಮೂತಿ ಎತ್ತಿತು, ನಡುಗಿತು, ಒಂದು ಕ್ಷಣ ನಿಂತ ಹಾಗೆ ಮಾಡಿತು, ಆಮೇಲೆ ಇಡೀ ಮೈಯನ್ನು ಕೆಸರಿನಿಂದ ಕಿತ್ತುಕೊಂಡು ಬದು ಹತ್ತಿತು. ಗಂಗಯ್ಯ ಏನು ಕೂಗಿದನೋ ಅವನಿಗೇ ಗೊತ್ತಿಲ್ಲ. ಬುಡನಸಾಬ ಮಾತ್ರ ಜೊತೆಗೆ ‘ಹಾಂ ಹಾಂ ಬಾ ನನ್ನಪ್ಪ’ ಎಂದು ಡ್ಯಾಶ್ ಬೋರ್ಡಿಗೆ ಬಡಿಯುತ್ತಿದ್ದ. ನಗುನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು ಬಂದಿತ್ತು.

ಮನೆಯ ಮುಂದೆ ಚೀಲ ಇಳಿಸುವಾಗ ಅಪ್ಪು ತಾನಾಗಿಯೇ ಹೇಳಿದ: “ಆತಪಾ, ನಾ ಸೋತೆ. ಮಂಗಳವಾರ ಬರಬ್ಯಾಡ ಅಂತ ಸವದತ್ತ್ಯಾಂವಗ ಫೋನ್ ಮಾಡೇನಿ.” ಆಮೇಲೆ ಬುಡನಸಾಬನ ಕಡೆ ತಿರುಗಿ, “ಕಾಕಾ, ಊಟಾ ಮಾಡ್ಕೊಂಡs ಹೋಗ್ರಿ,” ಎಂದ.

“ಇಲ್ಲಪಾ, ಹೊತ್ತ ಮುಣಗೂದ್ರಾಗ ಮನೀ ಮುಟ್ಟಬೇಕು. ನಿಮ್ಮ ಕಾಕಿ ಹಾದಿ ನೋಡತಾಳ.”

ಮೋಟಾರ್ ಸೈಕಲ್ಲು ಅಗಸಿಯಲ್ಲಿತ್ತು. ಅಲ್ಲಿಯ ತನಕ ಬಿಡುತ್ತೇನೆಂದು ಗಂಗಯ್ಯ ಅವನನ್ನು ಪಿಕಪ್ಪಿನಲ್ಲಿ ಕೂಡ್ರಿಸಿಕೊಂಡ. ಆದರೆ ಕೆಲಸ ಮುಗಿಸಿದ ಕೈಗಳು ಹಳೆಯ ಚಾಳಿ ಬಿಟ್ಟಾವೇ? ಅಗಸಿ ದಾಟಿ ಗಾಡಿ ತಾನಾಗಿ ಹೊಳೆಯ ಹಾದಿ ಹಿಡಿಯಿತು. ಬುಡನಸಾಬ ಹಾದಿ ನೋಡಿ ಕಿಟಕಿಯ ಗಾಜು ಇಳಿಸಿದ. ಇಳಿಜಾರಿನ ತುದಿಯಲ್ಲಿ ನೀರು ಕಂಡಾಗ ಗಂಗಯ್ಯ ಎಚ್ಚೆತ್ತವನಂತೆ ಬ್ರೇಕ್ ಒತ್ತಿದ. ಹೊಳೆ ಬಂದ್ ಎಂದು ನಿನ್ನೆಯಷ್ಟೇ ಒಪ್ಪಿದ್ದ. ಇಂಜಿನ್ ಆರಿಸಿದ. ದಂಡೆಯಲ್ಲಿ ಯಾರದೋ ಎಮ್ಮೆಗಳು ಬಿದ್ದುಕೊಂಡಿದ್ದವು.

ಗಂಗಯ್ಯ ಅವುಗಳನ್ನು ನೋಡುತ್ತಾ ಕೇಳಿದ: “ಬುಡನ್ಯಾ, ನಮ್ಮಪ್ಪ ಹೊಲದಿಂದ ಬಂದ ಎತ್ತ ಸೀದಾ ನೀರಿಗೆ ಬಿಡತಿದ್ನೇನೋ?”

“ಎಲ್ಲೀದು? ನಾವು ಬಿಟ್ಟಿದ್ರ ಅವನ ಬಾರಕೋಲು ನಮ್ಮ ಬೆನ್ನ ಮ್ಯಾಲೆ ಇರತಿತ್ತು. ಬೆವರು ಆರಬೇಕಿತ್ತು. ಜಾಲಿಗಿಡದ ಬುಡಕ ಕಟ್ಟಿ, ಮೈಯೆಲ್ಲಾ ಥಣ್ಣಗಾದ ಮ್ಯಾಲೆ...” ಬುಡನಸಾಬನ ಮಾತು ಅಲ್ಲಿಗೇ ನಿಂತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಗಂಗಯ್ಯ. ಗಾಡಿಗೆ ಸೋಮವಾರ ಕೊಟ್ಟ, ವಿಭೂತಿ ಹಚ್ಚಿದ, ಸಿಂಬಿ ಹಿಡಿದು ಮೈ ತಿಕ್ಕಿದ. ಬೆವರು ಆರುವ ತನಕ ಕಾಯುವುದೊಂದನ್ನು ಮರೆತುಬಿಟ್ಟಿದ್ದ! ಎತ್ತಿನಂತೆ ನೋಡಿಕೊಂಡೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು ಅರ್ಧ ಎತ್ತಿನಂತೆ ನೋಡಿಕೊಂಡಿದ್ದ.

“ಆರಿಸಿ ಇಳಿಸಿದ್ರ ನಡೀತೈತೇನೋ?”

ಬುಡನಸಾಬ ಗದ್ದ ಕೆರೆದುಕೊಂಡ. “ನಡೀತೈತಿ. ಪೂರಾ ಥಣ್ಣಗಾಗಬೇಕು. ಗಾಲಿ ನಡುವಿನ ಗುಂಬ ಐತಲ್ಲಾ, ಅದರ ಮ್ಯಾಲೆ ಕೈ ಇಟ್ಟು ನೋಡಬೇಕು.”

ಇಬ್ಬರೂ ಇಳಿದು ದಂಡೆಯ ಹುಲ್ಲಿನ ಮೇಲೆ ಕುಳಿತರು. ಗಂಗಯ್ಯ ಎಲೆ ಅಡಿಕೆಯ ಚಂಚಿ ಬಿಚ್ಚಿದ. ಮಾತು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಯಿತು. ಎತ್ತಿನ ಬಾಲ ಹಿಡಿದು ಈಜು ಕಲಿತದ್ದು, ಬುಡನಸಾಬನ ಚಡ್ಡಿ ಹೊಳೆಯಲ್ಲಿ ತೇಲಿಹೋಗಿ ಗಂಗಯ್ಯನ ಟಾವೆಲ್ ಸುತ್ತಿಕೊಂಡು ಮನೆಗೆ ಹೋದದ್ದು, ಅನ್ವರಬಿಯನ್ನು ನೋಡಲು ನೇಸರಗಿಗೆ ಹೋದಾಗ ಗಂಗಯ್ಯನ ಅಂಗಿ ಕೇಳಿ ಹಾಕಿಕೊಂಡದ್ದು. ಆಮೇಲೆ ಮಾತು ನಿಂತು, ಸುಮ್ಮನೆ ಕೂಡುವುದು ಮೊದಲಾಯಿತು. ಇಷ್ಟು ವರ್ಷ ತಾನು ಎತ್ತುಗಳಿಗಾಗಿ ಹಳಹಳಿಸುತ್ತಿದ್ದೇನೆ ಎಂದುಕೊಂಡಿದ್ದ ಗಂಗಯ್ಯ. ಅಲ್ಲ, ಅವನು ಹಳಹಳಿಸಿದ್ದು ಈ ಹೊತ್ತಿಗೆ. ಎತ್ತಿನ ಮೈ ಆರಲೆಂದು ಇಬ್ಬರೂ ಜಾಲಿಯ ಬುಡದಲ್ಲಿ ಏನೂ ಮಾಡದೆ ಕೂಡುತ್ತಿದ್ದ ಹೊತ್ತು. ಅದನ್ನು ಯಾರೂ ಕಸಿದುಕೊಂಡಿರಲಿಲ್ಲ, ತಾವೇ ಅವಸರ ಮಾಡಿ ಕಳೆದುಕೊಂಡಿದ್ದರು.

ಹೊತ್ತು ಇಳಿಯಿತು. ಎಮ್ಮೆಗಳು ಎದ್ದು ಮನೆಗೆ ಹೊರಟವು. ಬುಡನಸಾಬ ಅಗಸಿಯ ಕಡೆ ಒಮ್ಮೆ ನೋಡಿ, “ನೋಡಪಾ, ಆರೇತೇನು?” ಎಂದ.

ಗಂಗಯ್ಯ ಎದ್ದು ಹೋಗಿ ಮುಂದಿನ ಗಾಲಿಯ ಗುಂಬದ ಮೇಲೆ ಅಂಗೈ ಇಟ್ಟ. ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಯಾವಾಗ ಆರಿತ್ತೋ ಏನೋ. ಕೈ ತೆಗೆಯದೆ ಅಲ್ಲೇ ಬಗ್ಗಿ ನಿಂತ.

“ಇಲ್ಲೋ,” ಎಂದ. “ಇನ್ನಾ ಬೆಚ್ಚಗೈತಿ.”

ಬುಡನಸಾಬ ಮಂಡಿ ಹಿಡಿದುಕೊಂಡು ಎದ್ದು ಬಂದ. ಗೆಳೆಯನ ಕೈಯ ಪಕ್ಕದಲ್ಲೇ ತನ್ನ ಎಣ್ಣೆಗಪ್ಪಿನ ಕೈ ಇಟ್ಟು ನೋಡಿದ. ಗಂಗಯ್ಯ ಅವನ ಮುಖ ನೋಡಲಿಲ್ಲ, ನೀರಿನ ಕಡೆ ನೋಡುತ್ತಿದ್ದ.

ಬುಡನಸಾಬ ಜೇಬಿನಿಂದ ಫೋನು ತೆಗೆದು ಅನ್ವರಬಿಗೆ ಹಚ್ಚಿದ.

“ನಂದು ತಡಾ ಆಕ್ಕೈತಿ,” ಎಂದ. “ಗಾಡಿ ಇನ್ನಾ ಬಿಸಿ ಐತಿ.”

ಫೋನು ಜೇಬಿಗಿಟ್ಟು ಬಂದು ಮತ್ತೆ ಹುಲ್ಲಿನ ಮೇಲೆ ಕುಳಿತ.